ಐವತ್ತು ರೂಪಾಯಿಯ ಕಾಯ್ದೆ

ಕೇಳಿ, ಹೇಳುತ್ತೇನೆ: ದನದ ಡಾಕ್ಟರ ಅಂಕಣ

ಕಳೆದ ಸಂಚಿಕೆಯಲ್ಲಿ ಎತ್ತಿನ ಹೆಗಲ ಬಾವಿನ ಬಗ್ಗೆ ಬರೆದಿದ್ದೆ. ಮುಲಾಮು ಯಾವುದು, ಎಷ್ಟು ದಿನ ಹಚ್ಚಬೇಕು ಎಂದು ಕೇಳುತ್ತೀರಿ ಅಂದುಕೊಂಡಿದ್ದೆ. ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಪ್ರಾಣಿ ಹಿಂಸೆ ತಡೆಯುವ ಕಾಯ್ದೆಯ ಮಾತು. ನಾನು ವಕೀಲನಲ್ಲ. ಸಿಂಧನೂರಿನಲ್ಲಿ ಮನೆ ಮಾಡಿಕೊಂಡಿರುವ ನಿವೃತ್ತ ಪಶುವೈದ್ಯ. ಆದರೆ ನೌಕರಿಯಲ್ಲಿದ್ದಾಗ ಗಾಯದ ಸರ್ಟಿಫಿಕೇಟ್ ಬರೆದುಕೊಟ್ಟು, ಸಾಕ್ಷಿ ಹೇಳಲು ಕೋರ್ಟಿನ ವರಾಂಡದಲ್ಲಿ ಕೂತು ಕಾದವನು. ಅಷ್ಟರ ಮಟ್ಟಿಗೆ ಹೇಳಬಲ್ಲೆ.

ಪ್ರಶ್ನೆ: ಡಾಕ್ಟರ್ ಸಾಹೇಬರೇ, ನಾವು ಕಾಲೇಜಿನ ಗೆಳತಿಯರು ಸೇರಿ ‘ಪ್ರಾಣಿಗಳಿಗೆ ಬಲವಾದ ಕಾಯ್ದೆ ಬೇಕು’ ಎಂದು ಸಹಿ ಸಂಗ್ರಹ ಮಾಡುತ್ತಿದ್ದೇವೆ. ರಾಯಲ್ ಸರ್ಕಲ್ ಹತ್ತಿರ ನಿಂತು ಕೇಳುತ್ತೇವೆ. ಜನ ಸಹಿ ಹಾಕುತ್ತಾರೆ. ‘ಇದರಿಂದ ಏನಾಗುತ್ತೆ’ ಅಂತ ನಗುತ್ತಲೂ ಇರುತ್ತಾರೆ. ನಿಜಕ್ಕೂ ಏನಾದರೂ ಆಗುತ್ತದೆಯೇ? – ಪದವಿ ವಿದ್ಯಾರ್ಥಿನಿ, ಬಳ್ಳಾರಿ

ಉತ್ತರ: ತಂಗಿ, ನಿಮ್ಮ ಹಾಳೆಯ ಮೇಲೆ ‘ಬಲವಾದ ಕಾಯ್ದೆ ಬೇಕು’ ಎಂದಷ್ಟೇ ಇದ್ದರೆ ಏನೂ ಆಗುವುದಿಲ್ಲ. ಅದನ್ನು ಓದಿದ ಅಧಿಕಾರಿ ‘ಪರಿಶೀಲಿಸಲಾಗುವುದು’ ಎಂದು ಬರೆದು ಕಟ್ಟಿಡುತ್ತಾನೆ. ಯಾವ ಕಾಯ್ದೆ, ಯಾವ ಕಲಂ, ಈಗ ಏನಿದೆ, ಏನಾಗಬೇಕು ಎಂಬುದನ್ನು ಬರೆಯಿರಿ. ಆಗ ಅದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.

ಈಗ ಇರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಅದರ 11ನೇ ಕಲಮಿನಲ್ಲಿ ಹೊಡೆಯುವುದು, ಒದೆಯುವುದು, ಮಿತಿ ಮೀರಿ ಹೇರುವುದು, ಗಾಯವಾದ ಪ್ರಾಣಿಯನ್ನು ದುಡಿಸುವುದು, ಮೇವು ನೀರು ಕೊಡದೆ ಕಟ್ಟಿ ಹಾಕುವುದು, ಹೀಗೆ ಉದ್ದ ಪಟ್ಟಿ ಇದೆ. ಪಟ್ಟಿ ಚೆನ್ನಾಗಿಯೇ ಇದೆ. ಶಿಕ್ಷೆ ನೋಡಿ. ಮೊದಲ ತಪ್ಪಿಗೆ ಕನಿಷ್ಠ 10 ರೂಪಾಯಿ, ಗರಿಷ್ಠ 50 ರೂಪಾಯಿ ದಂಡ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. 1960ರಲ್ಲಿ 50 ರೂಪಾಯಿ ದೊಡ್ಡ ದುಡ್ಡೇ. ಇವತ್ತು ನಿಮ್ಮ ಬಳ್ಳಾರಿಯಲ್ಲಿ ಒಂದು ಪ್ಲೇಟ್ ಒಗ್ಗರಣೆ, ಎರಡು ಮಿರ್ಚಿ ತಿಂದು ಚಹಾ ಕುಡಿದರೆ ಅದು ಮುಗಿಯಿತು.

ದಂಡಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಈ 11ನೇ ಕಲಮಿನ ಬಹುತೇಕ ಅಪರಾಧಗಳಲ್ಲಿ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಠಾಣೆಯ ಭಾಷೆಯಲ್ಲಿ ‘ಎನ್‌ಸಿ’ (ನಾನ್-ಕಾಗ್ನಿಜಬಲ್). ಕಣ್ಣೆದುರಿಗೆ ಎತ್ತಿನ ಬೆನ್ನಿನಿಂದ ರಕ್ತ ಸುರಿಯುತ್ತಿದ್ದರೂ ಪೇದೆ ‘ಎನ್‌ಸಿ ಬರೆದುಕೊಳ್ಳುತ್ತೇನೆ ಸಾರ್’ ಅನ್ನುತ್ತಾನೆ. ಅವನ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ. ಕಾಯ್ದೆಯೇ ಹಾಗಿದೆ. ಸಾಲದ್ದಕ್ಕೆ 36ನೇ ಕಲಂ: ಘಟನೆ ನಡೆದು ಮೂರು ತಿಂಗಳು ದಾಟಿದರೆ ಈ ಕಾಯ್ದೆಯಲ್ಲಿ ಮೊಕದ್ದಮೆ ಹೂಡುವಂತೆಯೇ ಇಲ್ಲ. ಅನುಮತಿ ಪತ್ರ ಓಡಾಡುವಷ್ಟರಲ್ಲಿ ಮೂರು ತಿಂಗಳು ಕಳೆದಿರುತ್ತದೆ.

ಆದ್ದರಿಂದ ನಿಮ್ಮ ಹಾಳೆಯಲ್ಲಿ ಮೂರೇ ಮಾತು ಇರಲಿ. ದಂಡ ಏರಿಸಿ. ಪೊಲೀಸರು ನೇರವಾಗಿ ಎಫ್‌ಐಆರ್ ಹಾಕುವ ಅಪರಾಧವಾಗಿಸಿ. ಮೂರು ತಿಂಗಳ ಗಡುವನ್ನು ಉದ್ದ ಮಾಡಿ.

ಯಾರಿಗೆ ಕಳಿಸಬೇಕು? ಎಲ್ಲರೂ ದೆಹಲಿಯ ಕಡೆ ನೋಡುತ್ತಾರೆ. ನೋಡಲಿ, ತಪ್ಪಿಲ್ಲ. ಕೇಂದ್ರ ಸರ್ಕಾರವೇ 2022ರ ನವೆಂಬರ್‌ನಲ್ಲಿ ಒಂದು ತಿದ್ದುಪಡಿ ಕರಡು ಹೊರಡಿಸಿತ್ತು. ಘೋರ ಹಿಂಸೆಗೆ 50 ಸಾವಿರದಿಂದ 75 ಸಾವಿರ ರೂಪಾಯಿ ದಂಡ, ಒಂದರಿಂದ ಮೂರು ವರ್ಷ ಜೈಲು, ಪ್ರಾಣಿಯನ್ನು ಕೊಂದರೆ ಐದು ವರ್ಷದವರೆಗೆ ಎಂದೆಲ್ಲ ಅದರಲ್ಲಿತ್ತು. ಡಿಸೆಂಬರ್ 7ರೊಳಗೆ ಅಭಿಪ್ರಾಯ ಕಳಿಸಿ ಎಂದರು. ನಮ್ಮ ಕಡೆ ಆಗ ಭತ್ತದ ಸುಗ್ಗಿ. ಯಾರು ಓದುತ್ತಾರೆ? ಆ ಕರಡು ಇನ್ನೂ ಕಾಯ್ದೆಯಾಗಿಲ್ಲ. ಅದನ್ನು ಸಂಸತ್ತಿನಲ್ಲಿ ಮಂಡಿಸಿ ಎಂದು ನಿಮ್ಮ ಸಂಸದರನ್ನು ಕೇಳಿ.

ಆದರೆ ಬೆಂಗಳೂರನ್ನು ಮರೆಯಬೇಡಿ. ಪ್ರಾಣಿ ಹಿಂಸೆ ತಡೆ ಎಂಬ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಕೇಂದ್ರವೂ ಕಾಯ್ದೆ ಮಾಡಬಹುದು, ರಾಜ್ಯವೂ ತಿದ್ದಬಹುದು. ರಾಜ್ಯದ ತಿದ್ದುಪಡಿ ಕೇಂದ್ರದ ಕಾಯ್ದೆಗೆ ಅಡ್ಡ ಬಂದರೆ ರಾಷ್ಟ್ರಪತಿಗಳ ಒಪ್ಪಿಗೆ ಬೇಕು, ಅಷ್ಟೇ. ಇದು ಬರೀ ಪುಸ್ತಕದ ಮಾತಲ್ಲ. ಕಂಬಳ ಮತ್ತು ಎತ್ತಿನ ಗಾಡಿ ಓಟಕ್ಕೆ ಅವಕಾಶ ಕೊಡಲು ನಮ್ಮ ವಿಧಾನಮಂಡಲ 2017ರಲ್ಲಿ ಇದೇ 1960ರ ಕಾಯ್ದೆಯನ್ನು ತಿದ್ದಿತು. ಒಪ್ಪಿಗೆಯೂ ಸಿಕ್ಕಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದು ಸರಿ ಎಂದಿತು. ಓಟಕ್ಕಾಗಿ ತಿದ್ದಲು ಬರುವ ಕೈಗೆ ದಂಡದ ಕಲಂ ತಿದ್ದಲು ಬರುವುದಿಲ್ಲವೇ? ನಿಮ್ಮ ಶಾಸಕರ ಮನೆಗೆ ಹೋಗಿ ಇದೊಂದೇ ಪ್ರಶ್ನೆ ಕೇಳಿ. ನಗುವವರಿಗೂ ಇದನ್ನೇ ಹೇಳಿ.

ಇನ್ನು ತಾಳ್ಮೆಯ ಮಾತು. ಈ ಕಾಯ್ದೆ ಹುಟ್ಟಿದ್ದೇ ಒಬ್ಬ ಹೆಣ್ಣುಮಗಳ ಹಟದಿಂದ. ಭರತನಾಟ್ಯದ ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಗೆ ನಾಮಕರಣಗೊಂಡಿದ್ದರು. 1953ರಲ್ಲಿ ಅವರು ಖಾಸಗಿ ಮಸೂದೆ ತಂದರು. ಸರ್ಕಾರವೇ ತರುತ್ತದೆ ಎಂದು ನೆಹರೂ ಭರವಸೆ ಕೊಟ್ಟ ಮೇಲೆ ಹಿಂದಕ್ಕೆ ತೆಗೆದುಕೊಂಡರು. ಕಾಯ್ದೆ ಬಂದದ್ದು 1960ಕ್ಕೆ. 1962ರಲ್ಲಿ ಶುರುವಾದ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷೆ. ರಾಜ್ಯಸಭೆಯ ಒಳಗೆ ಕೂತವರಿಗೇ ಏಳು ವರ್ಷ ಹಿಡಿಯಿತು. ರಾಯಲ್ ಸರ್ಕಲ್‌ನಲ್ಲಿ ನಿಂತವರಿಗೆ ಒಂದು ಬೇಸಿಗೆಯಲ್ಲಿ ಆಗಲಿಲ್ಲ ಅಂತ ಬೇಜಾರಾಗುವುದು ಬೇಡ.

ಪ್ರಶ್ನೆ: ನಮಸ್ಕಾರ ಸಾಹೇಬರೇ. ನಾನು ಎತ್ತು ಕಟ್ಟಿದವನು. ಕಾಯ್ದೆ ಬಿಗಿ ಮಾಡಿ ಅಂತ ಪಟ್ಟಣದವರು ಹೇಳುತ್ತಾರೆ. ಅವರ ಮನೆಯಲ್ಲಿ ನಾಯಿ ಇರುತ್ತದೆ, ಎತ್ತು ಇರುವುದಿಲ್ಲ. ನಾಳೆ 50 ಸಾವಿರ ದಂಡ ಅಂದರೆ ಸಿಕ್ಕಿಬೀಳುವವರು ನಮ್ಮಂಥ ಬಡವರೇ ಅಲ್ಲವೇ? ಮೂಗುದಾರ ಹಾಕುವುದೂ ಹಿಂಸೆ ಎಂದರೆ ಏನು ಮಾಡುವುದು? – ರೈತ, ಲಿಂಗಸುಗೂರು ತಾಲ್ಲೂಕು

ಉತ್ತರ: ಅಣ್ಣಾ, ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಮೊದಲು ಸುಲಭದ್ದು ಹೇಳುತ್ತೇನೆ. ಮೂಗುದಾರ, ಬೀಜ ಒಡೆಸುವುದು, ಕೋಡು ತೆಗೆಸುವುದು, ಗುರುತಿಗೆ ಬರೆ ಹಾಕುವುದು, ಇವನ್ನು ನಿಯಮದಂತೆ ಮಾಡಿದರೆ ಅಪರಾಧವಲ್ಲ ಎಂದು 11ನೇ ಕಲಂ ತಾನೇ ಹೇಳುತ್ತದೆ. ಆ ಭಯ ಬಿಡಿ. (ಹೊಟ್ಟೆ ಉಬ್ಬರಕ್ಕೆ, ಕುಂಟುವುದಕ್ಕೆ ಅಂತ ಕಾದ ಕಬ್ಬಿಣದಿಂದ ಬರೆ ಎಳೆಯುವುದು ಬೇರೆ ವಿಷಯ. ಅದರಿಂದ ರೋಗ ಹೋಗುವುದಿಲ್ಲ, ಚರ್ಮ ಹೋಗುತ್ತದೆ. ಎಷ್ಟು ಸಲ ಹೇಳಲಿ?)

ನೌಕರಿಯಲ್ಲಿ ನಾನು ಕಂಡ ಮಟ್ಟಿಗೆ, ಎತ್ತಿಗೆ ಜಾಸ್ತಿ ಹಿಂಸೆ ಕೊಡುವವನು ಎತ್ತಿನ ಮಾಲೀಕನಲ್ಲ. ಸ್ವಂತ ಎತ್ತಿನ ಹೆಗಲು ಬಾತರೆ ಅವನೇ ಅರಿಶಿನ ಎಣ್ಣೆ ಹಚ್ಚಿಕೊಂಡು ಆಸ್ಪತ್ರೆಗೆ ಹೊಡೆದುಕೊಂಡು ಬರುತ್ತಾನೆ. ಕಾರಹುಣ್ಣಿಮೆಗೆ ಸಾಲ ಮಾಡಿಯಾದರೂ ಎತ್ತಿಗೆ ಜೂಲ ತರುತ್ತಾನೆ. ಕಷ್ಟ ಇರುವುದು ಬಾಡಿಗೆಯ ಹೇರಿನಲ್ಲಿ. ಇಷ್ಟು ಟ್ರಿಪ್ ಉಸುಕು ಹೊಡೆದರೆ ಇಷ್ಟು ರೂಪಾಯಿ ಎಂದು ಇನ್ಯಾರೋ ಲೆಕ್ಕ ಹಾಕುವಲ್ಲಿ. ಇಟ್ಟಿಗೆ ಭಟ್ಟಿಯ ಕತ್ತೆಗಳನ್ನು ನೋಡಿ. 1965ರ ಹೇರು ಪ್ರಾಣಿಗಳ ನಿಯಮದಲ್ಲಿ ಕತ್ತೆಯ ಬೆನ್ನಿಗೆ 50 ಕೆಜಿ ಮಿತಿ. ಒಂದು ಇಟ್ಟಿಗೆ ಸುಮಾರು 3 ಕೆಜಿ ಹಿಡಿದರೆ 16 ಇಟ್ಟಿಗೆ. ಅಷ್ಟಕ್ಕೇ ನಿಲ್ಲಿಸಿದ ಭಟ್ಟಿ ನಾನು ನೋಡಿಲ್ಲ. ಕತ್ತೆ ಹೊಡೆಯುವವನು ತನ್ನ ಮನಸ್ಸಿನಿಂದ ಹೇರುತ್ತಾನೆಯೇ? ಭಟ್ಟಿಯವನು ಎಣಿಸಿ ಹೇರಿಸುತ್ತಾನೆ.

ಅದಕ್ಕೇ ಕಾಯ್ದೆ ಬಿಗಿಯಾಗುವಾಗ ನೀವು ಹೊರಗೆ ನಿಂತು ಬೈಯುವುದಕ್ಕಿಂತ ಒಳಗೆ ಬಂದು ಕೇಳುವುದು ಒಳ್ಳೆಯದು. ಹೇರಿಸಿದವನಿಗೆ ದಂಡ ಜಾಸ್ತಿ ಇರಲಿ, ಹೊಡೆದುಕೊಂಡು ಹೋದವನಿಗೆ ಕಡಿಮೆ ಇರಲಿ. ಮೊದಲ ಸಲಕ್ಕೆ ನೋಟಿಸ್ ಕೊಟ್ಟು, ಪ್ರಾಣಿಗೆ ಚಿಕಿತ್ಸೆ ಕೊಡಿಸಿ, ಗಾಯ ಆರುವವರೆಗೆ ನೊಗ ಹೂಡುವಂತಿಲ್ಲ ಎನ್ನಲಿ. ಮತ್ತೆ ಮಾಡಿದರೆ ಹಿಡಿಯಲಿ. ಈ ಬೇಡಿಕೆ ರೈತ ಸಂಘದ ಲೆಟರ್‌ಹೆಡ್‌ನಲ್ಲಿ ಹೋದರೆ ಅದಕ್ಕಿರುವ ತೂಕ ಕಾಲೇಜು ಮಕ್ಕಳ ಹಾಳೆಗಿಲ್ಲ. ಮಕ್ಕಳು ಬೇಸರ ಮಾಡಿಕೊಳ್ಳಬಾರದು. ಇದು ಇದ್ದ ಮಾತು.

ಅದೇ 1965ರ ನಿಯಮದಲ್ಲಿ ಇನ್ನೂ ಕೆಲವು ಮಾತುಗಳಿವೆ. ದಿನಕ್ಕೆ ಒಟ್ಟು 9 ಗಂಟೆಗಿಂತ ಜಾಸ್ತಿ ಎತ್ತನ್ನು ಗಾಡಿಗೆ ಹೂಡುವಂತಿಲ್ಲ. ಒಂದೇ ಸಮನೆ 5 ಗಂಟೆ ದಾಟುವಂತಿಲ್ಲ. ಉಷ್ಣಾಂಶ 37 ಡಿಗ್ರಿ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸುವಂತಿಲ್ಲ. ಮೊಳೆ ಹೊಡೆದ ಕೋಲು ಬಳಸುವಂತಿಲ್ಲ. ರಾಯಚೂರಿನ ಏಪ್ರಿಲ್, ಮೇ ತಿಂಗಳಲ್ಲಿ 37 ಡಿಗ್ರಿ ಎಂದರೆ ತಂಪು ದಿನ! ಅಂದರೆ ನಮ್ಮ ಬೇಸಿಗೆಯ ಬಹುತೇಕ ಮಧ್ಯಾಹ್ನಗಳಿಗೆ ಈ ನಿಯಮ ತಗಲುತ್ತದೆ. ನಿಮ್ಮಂಥವರು ಹೇಗೂ ನಸುಕಿನಲ್ಲೇ ಗಳೆ ಹೂಡಿ ಬಿಸಿಲೇರುವ ಮುಂಚೆ ಬಿಡುತ್ತೀರಿ. ನಿಯಮ ಬೇಕಾಗಿರುವುದು ಊರೊಳಗೆ ಸಿಮೆಂಟು, ಕಬ್ಬಿಣ ಹೇರಿಕೊಂಡು ನಡು ಮಧ್ಯಾಹ್ನ ಡಾಂಬರಿನ ಮೇಲೆ ನಡೆಯುವ ಎತ್ತಿಗೆ.

ಪ್ರಶ್ನೆ: ದರೋಜಿಯ ಕರಡಿಗೆ ಕಲ್ಲು ಹೊಡೆಯಲೂ ಜನ ಹೆದರುತ್ತಾರೆ. ನಮ್ಮ ದನಕ್ಕೆ ಏಕೆ ಆ ಕಾವಲಿಲ್ಲ? – ಸಂಡೂರು

ಉತ್ತರ: ಕಾಯ್ದೆ ಬೇರೆ, ಅದಕ್ಕೆ. ಕರಡಿಯನ್ನು ಕಾಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಅದರ ಮೊದಲ ಅನುಸೂಚಿಯಲ್ಲಿ ಕರಡಿ ಇದೆ. ಬೇಟೆಯಾಡಿದರೆ ಮೂರರಿಂದ ಏಳು ವರ್ಷ ಜೈಲು. ಹಿಡಿಯಲು ಅರಣ್ಯ ಇಲಾಖೆ ಎಂಬ ಇಡೀ ಇಲಾಖೆಯೇ ಇದೆ. ದರೋಜಿ 1994ರಿಂದ ಕರಡಿಧಾಮವೂ ಹೌದು. ದನ, ಕತ್ತೆ, ಕುರಿಯನ್ನು ಹೊಡೆದರೆ ಇರುವುದು 50 ರೂಪಾಯಿ. ಸಮವಸ್ತ್ರ ಹಾಕಿಕೊಂಡು ಅವಕ್ಕಾಗಿ ಓಡಾಡುವ ಇಲಾಖೆ ಇಲ್ಲ. ನಾವು ಪಶುವೈದ್ಯರು ಔಷಧ ಕೊಡುತ್ತೇವೆ, ಹಿಡಿದು ತರುವ ಅಧಿಕಾರ ನಮಗಿಲ್ಲ.

ಪ್ರಶ್ನೆ: ನಮ್ಮ ಜಾತ್ರೆಯಲ್ಲಿ ಟಗರಿನ ಕಾಳಗ ಇಡುತ್ತೇವೆ. ಮೊದಲ ಬಹುಮಾನ ಬೈಕ್. ಈ ವರ್ಷ ಯಾರೋ ಕಾನೂನು ಬಾಹಿರ ಅಂದರು. ಕಂಬಳಕ್ಕೆ ಇಲ್ಲದ ಅಡ್ಡಿ ನಮ್ಮ ಟಗರಿಗೆ ಯಾಕೆ? ಇದು ತಲೆಮಾರುಗಳಿಂದ ಬಂದದ್ದು. – ಯುವಕ ಸಂಘದ ಸದಸ್ಯ, ಕುಷ್ಟಗಿ ತಾಲ್ಲೂಕು

ಉತ್ತರ: ತಮ್ಮಾ, ಯಾರೋ ಹೇಳಿದ್ದು ನಿಜ. ಪ್ರಾಣಿಗಳನ್ನು ಕಾದಾಡಿಸುವುದು, ಅದಕ್ಕೆ ಅಖಾಡ ಏರ್ಪಡಿಸುವುದು ಎರಡೂ 11ನೇ ಕಲಮಿನಲ್ಲಿ ಅಪರಾಧ. 2017ರ ನಮ್ಮ ರಾಜ್ಯದ ತಿದ್ದುಪಡಿ ಕಂಬಳಕ್ಕೆ, ಹೋರಿ ಮತ್ತು ಎತ್ತಿನ ಗಾಡಿ ಓಟಕ್ಕೆ ಮಾತ್ರ. ಅದರಲ್ಲಿ ಟಗರಿಲ್ಲ, ಹುಂಜವೂ ಇಲ್ಲ. ಹುಂಜದ ಕಾಳಗ ಇಡುವ ಸಿರುಗುಪ್ಪ ಕಡೆಯವರೂ ಸಂಕ್ರಾಂತಿ ಹೊತ್ತಿಗೆ ಇದನ್ನು ನೆನಪಿಟ್ಟುಕೊಳ್ಳಬಹುದು.

ಇನ್ನೊಂದು ಮಾತು. ಎತ್ತನ್ನು ಹೊಡೆದರೆ ಎನ್‌ಸಿ ಅಂದೆನಲ್ಲ. ಕಾಳಗದ ಅಖಾಡ ನಡೆಸುವುದು ಹಾಗಲ್ಲ. 31ನೇ ಕಲಂ ಪ್ರಕಾರ ಪೊಲೀಸರು ಯಾರ ಅನುಮತಿಗೂ ಕಾಯದೆ ಕೇಸು ಹಾಕಬಹುದಾದ ಕೆಲವೇ ಅಪರಾಧಗಳಲ್ಲಿ ಇದೂ ಒಂದು. ಬಾಜಿ ಕಟ್ಟಿದರೆ ಜೂಜಿನ ಕಲಂ ಬೇರೆ. ಮತ್ತೆ ಯಾಕೆ ಎಲ್ಲ ಕಡೆ ನಡೆಯುತ್ತದೆ ಎಂದು ಕೇಳುತ್ತೀರಿ. ಬ್ಯಾನರಿನ ಮೇಲೆ ಯಾರ ಯಾರ ಫೋಟೋ ಇರುತ್ತದೆ ನೋಡಿ, ಗೊತ್ತಾಗುತ್ತದೆ. ಬಹುಮಾನ ಬೈಕ್, ಸಿಕ್ಕಿಬಿದ್ದರೆ ಮೊದಲ ಸಲಕ್ಕೆ 50 ರೂಪಾಯಿ ದಂಡ. ಸಂಘಟಕನಿಗೆ ಲೆಕ್ಕ ಬರುತ್ತದೆ.

ನಿಮ್ಮ ಟಗರಿನ ಮೇಲೆ ನಿಮಗೆ ಪ್ರೀತಿ ಇಲ್ಲ ಅಂತ ನಾನು ಹೇಳುವುದಿಲ್ಲ. ಹಾಲು, ಹುರುಳಿ, ಮೊಟ್ಟೆ ಎಲ್ಲ ಕೊಟ್ಟು ಮಕ್ಕಳಿಗಿಂತ ಚೆನ್ನಾಗಿ ಸಾಕುತ್ತೀರಿ. ಆದರೆ ಕಾಳಗದ ಮರುದಿನ ಆಸ್ಪತ್ರೆಗೆ ಬಂದ ಟಗರುಗಳನ್ನು ನೋಡಿದವನು ನಾನು. ಕೋಡಿನ ಬುಡ ಒಡೆದರೆ ಅದು ಬರೀ ಕೋಡಲ್ಲ. ಕೋಡಿನ ಒಳಗಿನ ಟೊಳ್ಳು ಹಣೆಯ ಎಲುಬಿನ ಒಳಗಿನ ಗೂಡಿಗೆ ಸೇರಿಕೊಂಡಿರುತ್ತದೆ. ಅಲ್ಲಿ ಕೀವು ತುಂಬಿದರೆ, ನೊಣ ಕೂತು ಹುಳ ಬಿದ್ದರೆ, ಮೇವು ಬಿಡುತ್ತದೆ, ತಲೆ ವಾಲಿಸಿಕೊಂಡು ಗೋಡೆಗೆ ಒತ್ತಿ ನಿಲ್ಲುತ್ತದೆ. ಕುತ್ತಿಗೆ ಎಲುಬು ಸರಿದರೆ ನಾಲ್ಕೂ ಕಾಲು ಹೋಗುತ್ತವೆ. ಅಂಥದ್ದನ್ನು ಅಖಾಡಕ್ಕೆ ಬಿಡುವ ಮುಂಚೆ ಸಾರಾಯಿ ಕುಡಿಸಿದ್ದೆವು ಎಂದು ಮಾಲೀಕನೇ ಹೇಳಿದ್ದನ್ನೂ ಕೇಳಿದ್ದೇನೆ. ತಲೆಮಾರಿನ ಮಾತು ಬಂದರೆ, ಜಾತ್ರೆಗೆ ಬೈಕ್ ಬಹುಮಾನ ನಿಮ್ಮ ಅಜ್ಜ ಇಟ್ಟಿದ್ದರೇ?

ಬೈಕ್ ಕೊಡಲೇಬೇಕು ಎಂದಿದ್ದರೆ ಚಂದದ ಟಗರಿಗೆ ಕೊಡಿ. ತೂಕ, ಮೈಕಟ್ಟು, ಉಣ್ಣೆ, ಹಲ್ಲು ನೋಡಿ ಪ್ರದರ್ಶನ ಮಾಡಿ. ಬಳ್ಳಾರಿ ತಳಿಯ ಜವಾರಿ ಟಗರು ಉಳಿಯುವುದಕ್ಕೆ ಅದರಿಂದ ಉಪಯೋಗವಾದರೂ ಇದೆ. ತೀರ್ಪು ಕೊಡಲು ತಾಲ್ಲೂಕು ಪಶು ಆಸ್ಪತ್ರೆಯವರನ್ನು ಕರೆಯಿರಿ.

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಯಾರೋ ಕೋಳಿ ಮಾಂಸದಲ್ಲಿ ವಿಷ ಬೆರೆಸಿ ಬೀದಿ ನಾಯಿಗಳಿಗೆ ಹಾಕಿದ್ದಾರೆ. ಠಾಣೆಯಲ್ಲಿ ‘ನಾಯಿಗೆಲ್ಲ ಕೇಸು ಇಲ್ಲ ಮೇಡಂ’ ಅಂದರು. ಹೌದಾ? – ಗೃಹಿಣಿ, ಗಂಗಾವತಿ

ಉತ್ತರ: ಇಲ್ಲಮ್ಮ, ಕೇಸು ಇದೆ. ಇಲ್ಲಿ 1960ರ ಕಾಯ್ದೆಯನ್ನು ಹಿಡಿದುಕೊಂಡು ಕೂರಬೇಡಿ. ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಹೇಳಿ. ಯಾವುದೇ ಪ್ರಾಣಿಯನ್ನು ಕೊಲ್ಲುವುದು, ವಿಷ ಹಾಕುವುದು, ಅಂಗಹೀನ ಮಾಡುವುದಕ್ಕೆ ಐದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಇದು ನೇರ ಎಫ್‌ಐಆರ್ ಹಾಕುವ ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿದೆ. ಹಳೆಯ ದಂಡ ಸಂಹಿತೆಯಲ್ಲಿ ಪ್ರಾಣಿಯ ಬೆಲೆ 10 ರೂಪಾಯಿ, 50 ರೂಪಾಯಿ ಎಂಬ ಲೆಕ್ಕವಿತ್ತು. ಬೀದಿ ನಾಯಿಗೆ ಬೆಲೆ ಎಲ್ಲಿಯದು ಎಂದು ವಾದ ಮಾಡುತ್ತಿದ್ದರು. ಹೊಸದರಲ್ಲಿ ಆ ಬೆಲೆಯ ಮಾತು ತೆಗೆದಿದ್ದಾರೆ.

ಸಾಕ್ಷಿ ಉಳಿಸಿಕೊಳ್ಳುವುದು ನಿಮ್ಮ ಕೈಯಲ್ಲಿದೆ. ಸತ್ತ ನಾಯಿಯನ್ನು ಪುರಸಭೆ, ನಗರಸಭೆ ಗಾಡಿಗೆ ಕೊಟ್ಟು ಕಳಿಸಬೇಡಿ. ನೆರಳಲ್ಲಿ ಗೋಣಿಚೀಲದಲ್ಲಿ ಇಟ್ಟು ಮೇಲೆ ಮಂಜುಗಡ್ಡೆ ಹಾಕಿ. ಉಳಿದ ಮಾಂಸದ ತುಂಡು, ವಾಂತಿ ಇದ್ದರೆ ಬರಿಗೈಯಲ್ಲಿ ಮುಟ್ಟದೆ ಗಾಜಿನ ಬಾಟಲಿಗೆ ತುಂಬಿ. ಮೊದಲು ದೂರು ಕೊಡಿ. ಪೊಲೀಸರ ಪತ್ರ ಬಂದರೆ ಪಶುವೈದ್ಯರು ಮರಣೋತ್ತರ ಪರೀಕ್ಷೆ ಮಾಡಿ, ಜಠರ, ಯಕೃತ್ತಿನ ತುಂಡನ್ನು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಆ ವರದಿ ಇಲ್ಲದೆ ಕೋರ್ಟಿನಲ್ಲಿ ಕೇಸು ನಿಲ್ಲುವುದು ಕಷ್ಟ. ನಾಯಿ ಇನ್ನೂ ಬದುಕಿದ್ದು ಬಾಯಲ್ಲಿ ನೊರೆ, ಜೊಲ್ಲು, ಮೈ ನಡುಕ ಇದ್ದರೆ ಅದು ಸಾಮಾನ್ಯವಾಗಿ ಹೊಲಕ್ಕೆ ಹೊಡೆಯುವ ಎಣ್ಣೆ, ಅಂದರೆ ಕೀಟನಾಶಕ. ಅಟ್ರೋಪಿನ್ ಇಂಜೆಕ್ಷನ್ ಬೇಗ ಬಿದ್ದರೆ ಉಳಿಯುವ ಸಾಧ್ಯತೆ ಇದೆ. ಸುಮ್ನೆ ಹಾಲು, ಮಜ್ಜಿಗೆ ಕುಡಿಸುತ್ತಾ ಕೂರಬೇಡಿ. ಗಂಟಲಿಗೆ ಸಿಕ್ಕು ಉಸಿರು ಕಟ್ಟುತ್ತದೆ.

ನಾಯಿಗಳ ಕಾಟ ಇದೆ, ಮಕ್ಕಳಿಗೆ ಕಚ್ಚುತ್ತವೆ ಎಂಬುದು ಸುಳ್ಳಲ್ಲ. ಅದಕ್ಕೆ ಸಂತಾನಹರಣ ಮತ್ತು ರೇಬೀಸ್ ಲಸಿಕೆ. 2023ರ ನಿಯಮದ ಪ್ರಕಾರ ಅದು ಸ್ಥಳೀಯ ಸಂಸ್ಥೆಯ ಕೆಲಸ. ವಿಷ ಹಾಕುವವರ ಮೇಲೆ ಸಿಟ್ಟು ಬಂದಷ್ಟೇ ಅಲ್ಲಿಗೂ ಹೋಗಿ ಕೇಳಿ.

ಪ್ರಶ್ನೆ: ಪ್ರತಿ ಜಿಲ್ಲೆಯಲ್ಲಿ ಪ್ರಾಣಿ ದಯಾ ಸಂಘ ಎಂಬುದು ಇರಬೇಕಂತೆ. ನಮ್ಮಲ್ಲಿ ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ಕಾಯ್ದೆ ತಿದ್ದಿ ಎಂದು ನಾವು ಕನ್ನಡದಲ್ಲೇ ಅರ್ಜಿ ಬರೆದರೆ ನಡೆಯುತ್ತದೆಯೇ? – ಶಿಕ್ಷಕರು, ಮಾನ್ವಿ

ಉತ್ತರ: ಗುರುಗಳೇ, ಒಳ್ಳೆಯ ಪ್ರಶ್ನೆ. 2001ರ ಕೇಂದ್ರದ ನಿಯಮದಂತೆ ಪ್ರತಿ ಜಿಲ್ಲೆಯಲ್ಲೂ ಪ್ರಾಣಿ ಹಿಂಸೆ ತಡೆ ಸಂಘ ಇರಬೇಕು. ಅದನ್ನು ಸ್ಥಾಪಿಸುವ ಹೊಣೆ ರಾಜ್ಯ ಸರ್ಕಾರದ್ದು. ಕಾಗದದ ಮೇಲೆ ಇರುವುದು ಬೇರೆ, ಸಭೆ ಸೇರುವುದು ಬೇರೆ. ಹೊಸ ಕಾಯ್ದೆ ಕೇಳುವ ಮುಂಚೆ ಇದನ್ನು ಕೇಳಿ ಎನ್ನುವವನು ನಾನು. ಯಾಕೆಂದರೆ ದಂಡ 50 ಸಾವಿರಕ್ಕೆ ಏರಿದ ಮೇಲೂ ಹಿಡಿಯುವವರು ಇವರೇ, ಪೊಲೀಸರೇ. ಹಿಡಿಯುವವರು ಇಲ್ಲದಿದ್ದರೆ ದಂಡ ಎಷ್ಟಿದ್ದರೇನು?

ಕನ್ನಡದ ಅರ್ಜಿಗೆ ವಿಧಾನಸಭೆಯಲ್ಲಿ ಅಡ್ಡಿ ಇಲ್ಲ. ಅಲ್ಲಿ ಅರ್ಜಿಗಳ ಸಮಿತಿ ಇದೆ. ನಿಮ್ಮ ಶಾಸಕರ ಮೂಲಕ ಹೋಗಿ. ಲೋಕಸಭೆಗೆ ಹೋಗುವ ಅರ್ಜಿಗೆ ಹಿಂದಿ ಅಥವಾ ಇಂಗ್ಲಿಷ್ ಅನುವಾದ ಜೊತೆಗಿರಬೇಕು. ಅದಕ್ಕೆ ನಿಮ್ಮ ಶಾಲೆಯ ಇಂಗ್ಲಿಷ್ ಮಾಸ್ತರರನ್ನು ಹಿಡಿಯಿರಿ.

ಸಂಘದ ವಿಷಯಕ್ಕೆ ಮಾಹಿತಿ ಹಕ್ಕಿನ ಅರ್ಜಿ ಸಾಕು. ಜಿಲ್ಲೆಯ ಪಶುಪಾಲನಾ ಇಲಾಖೆಯ ಉಪನಿರ್ದೇಶಕರ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಬರೆಯಿರಿ. ಸಂಘದ ಸದಸ್ಯರು ಯಾರು, ಕಳೆದ ಸಭೆ ಯಾವತ್ತು ನಡೆಯಿತು, ಅದರ ನಡಾವಳಿಯ ಪ್ರತಿ ಕೊಡಿ, ಎಷ್ಟು ದೂರು ಬಂದವು, ಎಷ್ಟರಲ್ಲಿ ಕೇಸು ಆಯಿತು. ಇಷ್ಟೇ ಕೇಳಿ. ‘ಯಾಕೆ ಮಾಡಲಿಲ್ಲ’ ಎಂದು ಕೇಳಬೇಡಿ. ಅದು ಮಾಹಿತಿಯಲ್ಲ ಎಂದು ವಾಪಸ್ ಕಳಿಸುತ್ತಾರೆ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಜೊತೆಗಿಡಿ, ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. 30 ದಿನದೊಳಗೆ ಉತ್ತರ ಬರಬೇಕು. ಬಂದ ಉತ್ತರದ ಒಂದು ಪ್ರತಿ ನನಗೂ ಕಳಿಸಿ, ಇಲ್ಲೇ ಹಾಕೋಣ.